ಕಡಿಮೆ ಬಜೆಟ್‌ನ ಹಾರರ್ ಸಿನಿಮಾಗಳು ಹೆಚ್ಚು ಹೆದರಿಸುವುದೇಕೆ? 'ನಿಜ ಘಟನೆ' ಎಂಬ ಮಾತಿನ ಹಿಂದೇನಿದೆ?

ನಿಮ್ಮ ಫೋನಿಗೂ ಇಂಥದ್ದೊಂದು ವಿಡಿಯೊ ಬಂದೇ ಇರುತ್ತದೆ. ಮಸುಕು ಮಸುಕಾದ ಸಿಸಿಟಿವಿ ದೃಶ್ಯ. ಖಾಲಿ ಕಾರಿಡಾರ್. ಹತ್ತು ಸೆಕೆಂಡ್ ಏನೂ ಆಗುವುದಿಲ್ಲ. ಆಮೇಲೆ ಒಂದು ಕುರ್ಚಿ ತಾನಾಗಿಯೇ ಸರಿಯುತ್ತದೆ. ಕೆಳಗೆ 'ಇದು ನಿಜವಾಗಿ ನಡೆದದ್ದು, ಗುಂಡಿಗೆ ಗಟ್ಟಿ ಇದ್ದವರು ಮಾತ್ರ ನೋಡಿ' ಎಂಬ ಒಕ್ಕಣೆ.

ಇದರ ಜೊತೆಗೇ ಓಡಾಡುವ ಬೇರೆ ಫಾರ್ವರ್ಡ್‌ಗಳೂ ಇವೆ. 'ದೆವ್ವದ ಸಿನಿಮಾ ನೋಡಿದರೆ ರಕ್ತ ಹೆಪ್ಪುಗಟ್ಟುತ್ತದೆ.' 'ಹಾರರ್ ಸಿನಿಮಾ ನೋಡಿ, ತೂಕ ಇಳಿಸಿ.' 'ಬರೀ 15 ಸಾವಿರ ಡಾಲರ್‌ನಲ್ಲಿ ಸಿನಿಮಾ ಮಾಡಿ ಕೋಟಿ ಕೋಟಿ ಗಳಿಸಿದ, ನೀವೂ ಮಾಡಬಹುದು.'

ಇವುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಅದನ್ನು ತಿಳಿಯಲು ಒಂದು ಒಳ್ಳೆಯ ದಾರಿ ಇದೆ. ದೊಡ್ಡ ಸ್ಟಾರ್ ಇಲ್ಲದೆ, ದೊಡ್ಡ ಸ್ಟುಡಿಯೊ ಇಲ್ಲದೆ, ಕೈಯಲ್ಲಿ ಇದ್ದಷ್ಟೇ ದುಡ್ಡಿನಲ್ಲಿ ತಯಾರಾದ ಹಾರರ್ ಸಿನಿಮಾಗಳು ನಮ್ಮನ್ನು ಹೇಗೆ ಹೆದರಿಸುತ್ತವೆ ಎಂದು ನೋಡುವುದು. ಆ ಗುಟ್ಟು ಗೊತ್ತಾದರೆ ಸಿನಿಮಾವನ್ನೂ ಹೆಚ್ಚು ಸವಿಯಬಹುದು, ಸುಳ್ಳು ವಿಡಿಯೊಗಳನ್ನೂ ಬೇಗ ಗುರುತಿಸಬಹುದು.

ಮೊದಲು ಲೆಕ್ಕ ನೋಡೋಣ

* 'ನೈಟ್ ಆಫ್ ದಿ ಲಿವಿಂಗ್ ಡೆಡ್' (1968): ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಮುತ್ತ ಜಾರ್ಜ್ ರೊಮೆರೊ ತೆಗೆದ ಕಪ್ಪು-ಬಿಳುಪು ಸಿನಿಮಾ. ಖರ್ಚು ಸುಮಾರು 1 ಲಕ್ಷ 14 ಸಾವಿರ ಡಾಲರ್. ಇವತ್ತಿನ ಎಲ್ಲ ಜಾಂಬಿ ಸಿನಿಮಾಗಳ ತಾಯಿಬೇರು ಇದು.
* 'ಹ್ಯಾಲೊವೀನ್' (1978): ಜಾನ್ ಕಾರ್ಪೆಂಟರ್ ನಿರ್ದೇಶನ. ಖರ್ಚು ಸುಮಾರು 3 ಲಕ್ಷ ಡಾಲರ್.
* 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' (1999): ಚಿತ್ರೀಕರಣ 8 ದಿನ. ಆರಂಭದ ಖರ್ಚು 60 ಸಾವಿರ ಡಾಲರ್ ಒಳಗೆ. ಪ್ರಪಂಚದಾದ್ಯಂತ ಗಳಿಕೆ ಸುಮಾರು 24.8 ಕೋಟಿ ಡಾಲರ್.
* 'ಪ್ಯಾರಾನಾರ್ಮಲ್ ಆಕ್ಟಿವಿಟಿ': ಓರೆನ್ ಪೆಲಿ ಎಂಬ ಸಾಫ್ಟ್‌ವೇರ್ ಪ್ರೋಗ್ರಾಮರ್ ಸ್ಯಾನ್ ಡಿಯೇಗೊದ ತನ್ನ ಸ್ವಂತ ಮನೆಯಲ್ಲೇ ಒಂದು ವಾರದಲ್ಲಿ ತೆಗೆದದ್ದು. ಖರ್ಚು ಸುಮಾರು 15 ಸಾವಿರ ಡಾಲರ್, ಗಳಿಕೆ ಸುಮಾರು 19 ಕೋಟಿ ಡಾಲರ್.
* 'ಒನ್ ಕಟ್ ಆಫ್ ದಿ ಡೆಡ್' (2017): ಜಪಾನಿನ ಶಿನಿಚಿರೊ ಉಎದಾ ಸುಮಾರು 30 ಲಕ್ಷ ಯೆನ್‌ನಲ್ಲಿ ತೆಗೆದ ಸಿನಿಮಾ. ಗಳಿಕೆ 300 ಕೋಟಿ ಯೆನ್ ದಾಟಿತು.

ಅಂದರೆ 15 ಸಾವಿರ ಡಾಲರ್‌ನ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ಆದರೆ ಅದು ಅರ್ಧ ಕಥೆ ಮಾತ್ರ. ಉಳಿದರ್ಧಕ್ಕೆ ಕೊನೆಯಲ್ಲಿ ಬರೋಣ.

ಕಾಣದ್ದೇ ಹೆಚ್ಚು ಹೆದರಿಸುವುದೇಕೆ?

ಕತ್ತಲಲ್ಲಿ ಹಗ್ಗ ಬಿದ್ದಿದ್ದರೆ ಹಾವು ಅಂದುಕೊಂಡು ಹಿಂದೆ ಹಾರುತ್ತೇವೆ. ಹಾವು ಬಿದ್ದಿದ್ದರೆ ಹಗ್ಗ ಅಂದುಕೊಳ್ಳುವುದು ಅಪರೂಪ. ಇದು ಮೂರ್ಖತನವಲ್ಲ. ಹಗ್ಗಕ್ಕೆ ಹೆದರಿದರೆ ಹೋಗುವುದು ಒಂದು ಕ್ಷಣ, ಹಾವಿಗೆ ಹೆದರದಿದ್ದರೆ ಹೋಗುವುದು ಜೀವ. ಹಾಗಾಗಿ ಮಾಹಿತಿ ಕಡಿಮೆ ಇದ್ದಾಗ ಕೆಟ್ಟದ್ದನ್ನೇ ಊಹಿಸುವ ಕಡೆಗೆ ನಮ್ಮ ಮಿದುಳು ವಾಲುತ್ತದೆ.

ಕಡಿಮೆ ಬಜೆಟ್‌ನ ಸಿನಿಮಾ ಬದುಕುವುದೇ ಈ ಗುಣದ ಮೇಲೆ. ದೊಡ್ಡ ಬಜೆಟ್ ಇದ್ದವರು ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ದೆವ್ವದ ಹಲ್ಲು, ಉಗುರು, ಚರ್ಮ ಎಲ್ಲವನ್ನೂ ತೋರಿಸಿಬಿಡುತ್ತಾರೆ. ಪೂರ್ತಿ ಕಂಡ ಕೂಡಲೇ ಮಿದುಳು ಅದನ್ನು ಅಳೆದು ಮುಗಿಸುತ್ತದೆ: 'ಓ, ಇಷ್ಟೇನಾ.' ಬ್ಲೇರ್ ವಿಚ್‌ನಲ್ಲಿ ಮಾಟಗಾತಿ ಒಮ್ಮೆಯೂ ಕಾಣುವುದಿಲ್ಲ. ಕಾಣುವುದು ಕಡ್ಡಿಗಳಿಂದ ಕಟ್ಟಿದ ಗೊಂಬೆಗಳು, ಕಲ್ಲಿನ ಗುಡ್ಡೆಗಳು, ಅಲುಗಾಡುವ ಟೆಂಟ್. ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ನಿಮಗೆ ಯಾವುದು ಅತಿ ಭಯವೋ ಅದನ್ನು ನಿಮ್ಮಷ್ಟು ಚೆನ್ನಾಗಿ ಬಲ್ಲ ಗ್ರಾಫಿಕ್ಸ್ ಕಲಾವಿದ ಯಾರಿದ್ದಾನೆ?

ಪ್ಯಾರಾನಾರ್ಮಲ್ ಆಕ್ಟಿವಿಟಿ ಇನ್ನೂ ಸರಳ. ಮಲಗುವ ಕೋಣೆಯಲ್ಲಿ ಒಂದು ಕ್ಯಾಮೆರಾ ನಿಂತಿದೆ, ಮೂಲೆಯಲ್ಲಿ ಗಡಿಯಾರದ ಅಂಕಿ ಓಡುತ್ತಿದೆ, ಗಂಡು-ಹೆಣ್ಣು ಮಲಗಿದ್ದಾರೆ, ಬಾಗಿಲು ತೆರೆದಿದೆ. ಕ್ಯಾಮೆರಾ ಅಲುಗುವುದಿಲ್ಲ. ಎಲ್ಲಿ ನೋಡಬೇಕೆಂದು ಸಿನಿಮಾ ಹೇಳುವುದಿಲ್ಲ. ಹಾಗಾಗಿ ನಮ್ಮ ಕಣ್ಣು ಬಾಗಿಲು, ಹೊದಿಕೆ, ಗೋಡೆ, ನೆರಳು ಎಲ್ಲವನ್ನೂ ಪದೇ ಪದೇ ಹುಡುಕುತ್ತದೆ. ಮುಂದೆ ಬಾಗಿಲು ಎರಡೇ ಅಂಗುಲ ಸರಿದರೂ ಸಾಕು, ಮೈ ಜುಮ್ಮೆನ್ನುತ್ತದೆ. ಮೇಲೆ ಹೇಳಿದ ಕಾರಿಡಾರ್ ವಿಡಿಯೊ ಇದೇ ತಂತ್ರದ್ದು. ಕುರ್ಚಿಗೆ ಒಂದು ದಾರ ಕಟ್ಟಿದರೆ ಮುಗಿಯಿತು. ಹೆದರಿಸುವ ಕೆಲಸ ಮಾಡಿದ್ದು ಅದಕ್ಕೂ ಮುಂಚಿನ ಹತ್ತು ಸೆಕೆಂಡಿನ ಕಾಯುವಿಕೆ.

ಕಿವಿಯ ಪಾಲು

ಹಾರರ್ ಸಿನಿಮಾವನ್ನು ಮ್ಯೂಟ್ ಮಾಡಿ ನೋಡಿ. ಅರ್ಧಕ್ಕರ್ಧ ಭಯ ಹೋಗಿಬಿಡುತ್ತದೆ. ಒಳ್ಳೆಯ ಶಬ್ದಕ್ಕೆ ಒಳ್ಳೆಯ ಸೆಟ್‌ನಷ್ಟು ದುಡ್ಡು ಬೇಡ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಡೇನಿಯಲ್ ಬ್ಲೂಮ್‌ಸ್ಟೈನ್ ಮಾರ್ಮಟ್ ಎಂಬ ಅಳಿಲಿನ ಜಾತಿಯ ಪ್ರಾಣಿಗಳನ್ನು ಅಧ್ಯಯನ ಮಾಡುವವರು. ಅವುಗಳ ಮರಿಗಳು ಹೆದರಿ ಕಿರುಚಿದಾಗ ಧ್ವನಿ ಒಡೆದು ಕರ್ಕಶವಾಗುತ್ತದೆ. 2010ರಲ್ಲಿ ಅವರ ತಂಡ 102 ಸಿನಿಮಾಗಳ ದೃಶ್ಯಗಳ ಶಬ್ದವನ್ನು ವಿಶ್ಲೇಷಿಸಿ, ಸಿನಿಮಾಗಳು ಭಾವನೆ ಕೆರಳಿಸಲು ಇಂಥದ್ದೇ ಒಡೆದ, ಗೊರಗೊರ ಶಬ್ದಗಳನ್ನು ಬಳಸುತ್ತವೆ ಎಂದು ತೋರಿಸಿತು. ಅಪಾಯದಲ್ಲಿರುವ ಮರಿಯ ಕೂಗು ಕೇಳಿದರೆ ಬೆಚ್ಚುವುದು ಪ್ರಾಣಿಗಳ ಹಳೆಯ ಗುಣ. ಮನುಷ್ಯನಿಗೂ ಅದು ಬಿಟ್ಟಿಲ್ಲ.

ಹ್ಯಾಲೊವೀನ್‌ನ ಸಂಗೀತ ಕಾರ್ಪೆಂಟರ್ ತಾನೇ ಕೂತು ಮಾಡಿದ್ದು. ಪಿಯಾನೊದ ಒಂದು ಸಣ್ಣ ತುಣುಕು ಮತ್ತೆ ಮತ್ತೆ ಬರುತ್ತದೆ. ನಮ್ಮ ಕಿವಿಗೆ ರೂಢಿಯಾದ ನಾಲ್ಕರ ಲೆಕ್ಕದ ಬದಲು ಐದರ ಲೆಕ್ಕದಲ್ಲಿ ಓಡುವುದರಿಂದ ಏನೋ ಸರಿಯಿಲ್ಲ ಎನ್ನಿಸುತ್ತಲೇ ಇರುತ್ತದೆ. ಅದಕ್ಕೆ ದೊಡ್ಡ ವಾದ್ಯವೃಂದ ಬೇಕಾಗಲಿಲ್ಲ.

ದುಡ್ಡಿಲ್ಲದ ಕಡೆ ಉಪಾಯ ಹುಟ್ಟುತ್ತದೆ

ಹ್ಯಾಲೊವೀನ್‌ನ ಕೊಲೆಗಾರನ ಮುಖವಾಡ ನೋಡಿದವರಿಗೆ ಮರೆಯುವುದಿಲ್ಲ. ಅದು 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಮುಖದ ಅಗ್ಗದ ಮುಖವಾಡ. ಬಿಳಿ ಬಣ್ಣ ಹೊಡೆದು, ಕಣ್ಣಿನ ತೂತು ದೊಡ್ಡದು ಮಾಡಿ ಹಾಕಿದರು. ಕಥೆ ನಡೆಯುವುದು ಎಲೆ ಉದುರುವ ಕಾಲದಲ್ಲಿ, ಚಿತ್ರೀಕರಣ ನಡೆದದ್ದು ವಸಂತದಲ್ಲಿ. ಹಾಗಾಗಿ ಬಣ್ಣ ಬಳಿದ ಎಲೆಗಳನ್ನು ಬೀದಿಗೆ ಚೆಲ್ಲುವುದು, ದೃಶ್ಯ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿಕೊಂಡು ಮುಂದಿನ ಜಾಗಕ್ಕೆ ಹೋಗುವುದು.

ನೈಟ್ ಆಫ್ ದಿ ಲಿವಿಂಗ್ ಡೆಡ್‌ನಲ್ಲಿ ರಕ್ತವಾಗಿ ಬಳಸಿದ್ದು ಚಾಕೊಲೇಟ್ ಸಿರಪ್. ಕಪ್ಪು-ಬಿಳುಪಿನಲ್ಲಿ ಯಾರಿಗೆ ಗೊತ್ತಾಗುತ್ತದೆ? ಸ್ಯಾಮ್ ರೈಮಿ 'ದಿ ಈವಿಲ್ ಡೆಡ್' ತೆಗೆಯುವಾಗ ದುಬಾರಿ ಕ್ಯಾಮೆರಾ ಉಪಕರಣ ಕೈಗೆಟುಕುವಂತಿರಲಿಲ್ಲ. ಒಂದು ಹಲಗೆಗೆ ಕ್ಯಾಮೆರಾ ಕಟ್ಟಿ, ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡಿದು ಕಾಡಿನಲ್ಲಿ ಓಡಿದರು. ತೆರೆಯ ಮೇಲೆ ಅದು ಕಾಣದ ದುಷ್ಟಶಕ್ತಿಯೊಂದು ನೆಲಕ್ಕೆ ತಾಗಿಕೊಂಡು ನುಗ್ಗಿ ಬರುವಂತೆ ಕಾಣುತ್ತದೆ.

ಒನ್ ಕಟ್ ಆಫ್ ದಿ ಡೆಡ್ ಈ ಪರದಾಟವನ್ನೇ ಕಥೆ ಮಾಡಿಕೊಂಡಿದೆ. ಮೊದಲ 37 ನಿಮಿಷ ಒಂದೇ ಶಾಟ್, ಅಲ್ಲಲ್ಲಿ ಎಡವಟ್ಟು, ನೋಡಲು ಸ್ವಲ್ಪ ಕಳಪೆ. ಆಮೇಲೆ ಏನಾಗುತ್ತದೆ ಎಂದು ಇಲ್ಲಿ ಹೇಳುವುದಿಲ್ಲ. ಅರ್ಧಕ್ಕೆ ನಿಲ್ಲಿಸಬೇಡಿ, ಅಷ್ಟೇ. ಹೆದರಿಸುವ ಬದಲು ಹೊಟ್ಟೆ ಹುಣ್ಣಾಗುವಷ್ಟು ನಗಿಸಿ, ಕೊನೆಗೆ ಸಿನಿಮಾ ಮಾಡುವವರ ಮೇಲೆ ಪ್ರೀತಿ ಹುಟ್ಟಿಸುತ್ತದೆ.

ನಮ್ಮ ದೇಶದಲ್ಲಿ ರಾಮ್ಸೆ ಸಹೋದರರು ನಡೆದದ್ದೂ ಇದೇ ದಾರಿ. 'ದೋ ಗಜ್ ಜಮೀನ್ ಕೆ ನೀಚೆ' (1972) ಸಿನಿಮಾಕ್ಕೆ ಕುಟುಂಬವೇ ತಂತ್ರಜ್ಞರ ತಂಡ. ಒಬ್ಬರು ಕ್ಯಾಮೆರಾ, ಒಬ್ಬರು ಶಬ್ದ, ಇಬ್ಬರು ನಿರ್ದೇಶನ. ಸೆಟ್ ಹಾಕುವ ಬದಲು ಮಹಾಬಲೇಶ್ವರದಲ್ಲಿ ಬಿಡಾರ ಹೂಡಿ ತೆಗೆದರು.

ಸ್ಟಾರ್ ಇಲ್ಲ ಅಂದರೆ ಯಾರೂ ಸುರಕ್ಷಿತರಲ್ಲ

ಹೀರೊ ಇಂಟರ್‌ವಲ್‌ಗೆ ಮುಂಚೆ ಸಾಯುವುದಿಲ್ಲ ಎಂದು ನಮಗೆಲ್ಲ ಗೊತ್ತು. ಪೋಸ್ಟರ್ ಮೇಲೆ ಅವರ ಮುಖ ಎಷ್ಟು ದೊಡ್ಡದೋ ಅವರ ಆಯುಷ್ಯ ಅಷ್ಟು ಗಟ್ಟಿ. ಆದರೆ ಎಲ್ಲರೂ ಅಪರಿಚಿತರೇ ಆಗಿದ್ದರೆ ಯಾರು ಉಳಿಯುತ್ತಾರೆ ಎಂದು ಊಹಿಸುವುದು ಕಷ್ಟ. ಪಕ್ಕದ ಮನೆಯವರಂತೆ ಕಾಣುವವರು, ನಿಜವಾದ ಮನೆ, ಸಾಮಾನ್ಯ ಬೆಳಕು ಇವೆಲ್ಲ ಸೇರಿದಾಗ 'ಇದು ನಮಗೂ ಆಗಬಹುದು' ಎನ್ನಿಸುತ್ತದೆ.

ಹಾಕಿದ ದುಡ್ಡು ಕಡಿಮೆ ಇದ್ದಾಗ 'ಕೊನೆ ಸುಖಾಂತ್ಯ ಇರಲಿ', 'ಒಂದು ಹಾಡು ಸೇರಿಸಿ' ಎಂದು ಒತ್ತಾಯಿಸುವವರೂ ಕಡಿಮೆ. ರೊಮೆರೊ ತನ್ನ ಸಿನಿಮಾದ ಮುಖ್ಯ ಪಾತ್ರಕ್ಕೆ ಕಪ್ಪು ಜನಾಂಗದ ನಟ ಡ್ವೇನ್ ಜೋನ್ಸ್‌ರನ್ನು ಆರಿಸಿದ್ದು 1960ರ ದಶಕದಲ್ಲಿ. ಬಿಳಿಯರಿಗೆ ಆಜ್ಞೆ ಕೊಡುವ ಕಪ್ಪು ನಾಯಕ ಅಂದಿನ ಅಮೆರಿಕದ ಸಿನಿಮಾದಲ್ಲಿ ಅಪರೂಪ. ಆಡಿಷನ್‌ನಲ್ಲಿ ಅವರೇ ಚೆನ್ನಾಗಿ ಮಾಡಿದರು, ಅದಕ್ಕೇ ತೆಗೆದುಕೊಂಡೆ ಎಂದು ರೊಮೆರೊ ಹೇಳುತ್ತಿದ್ದರು. ಸಿನಿಮಾ ಬಿಡುಗಡೆಯಾದದ್ದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷದಲ್ಲೇ. ಅದರ ಕೊನೆಯ ಐದು ನಿಮಿಷ ನೋಡಿದವರಿಗೆ ಜಾಂಬಿಗಳಿಗಿಂತ ಬದುಕಿರುವ ಮನುಷ್ಯರೇ ಹೆಚ್ಚು ಭಯ ಹುಟ್ಟಿಸುತ್ತಾರೆ.

ಆಸ್ಟ್ರೇಲಿಯಾದ 'ದಿ ಬಾಬಾಡುಕ್' (2014) ಗಂಡನನ್ನು ಕಳೆದುಕೊಂಡ ತಾಯಿಯ ದುಃಖದ ಕಥೆ. ಮಲಯಾಳದ 'ಭೂತಕಾಲಂ' (2022) ಒಂದು ಮನೆ, ಖಿನ್ನತೆಯಿಂದ ಬಳಲುವ ತಾಯಿ, ಕೆಲಸವಿಲ್ಲದ ಮಗ, ಇಷ್ಟರಲ್ಲೇ ನಡೆಯುತ್ತದೆ. ಅದರ ತಾಯಿ ಪಾತ್ರಕ್ಕೆ ರೇವತಿ ಅವರಿಗೆ ಕೇರಳ ರಾಜ್ಯ ಪ್ರಶಸ್ತಿ ಬಂತು. ಮನೆಯೊಳಗೆ ಯಾರೂ ಬಾಯಿಬಿಟ್ಟು ಹೇಳಿಕೊಳ್ಳದ ನೋವನ್ನು ದೆವ್ವದ ನೆಪದಲ್ಲಿ ಹೇಳುವುದು ಇಂಥ ಸಿನಿಮಾಗಳ ದೊಡ್ಡ ಬಲ. ಮುಗಿದ ಮೇಲೂ ನೆನಪಿನಲ್ಲಿ ಉಳಿಯುವುದು ದೆವ್ವವಲ್ಲ, ಆ ಮನೆ.

'ನಿಜ ಘಟನೆ' ಎಂಬ ಹಳೆಯ ವ್ಯಾಪಾರ

ಈಗ ಫಾರ್ವರ್ಡ್‌ಗಳಿಗೆ ತೀರಾ ಹತ್ತಿರದ ವಿಷಯ. 'ದಿ ಟೆಕ್ಸಾಸ್ ಚೈನ್‌ಸಾ ಮ್ಯಾಸಕರ್' (1974) ಶುರುವಾಗುವುದೇ ಇದು ನಡೆದ ಘಟನೆ ಎಂಬ ಗಂಭೀರ ಧ್ವನಿಯೊಂದಿಗೆ. ಆ ಘಟನೆ ನಡೆದೇ ಇಲ್ಲ. ವಿಸ್ಕಾನ್ಸಿನ್‌ನ ಎಡ್ ಗೀನ್ ಎಂಬ ಅಪರಾಧಿಯ ಕೆಲವು ವಿವರಗಳನ್ನು ಎರವಲು ತಂದಿದ್ದರು, ಅಷ್ಟೇ. ಅವನು ಟೆಕ್ಸಾಸಿನವನೂ ಅಲ್ಲ, ಗರಗಸದಿಂದ ಕೊಂದವನೂ ಅಲ್ಲ.

ಬ್ಲೇರ್ ವಿಚ್ ತಂಡ ಇಂಟರ್ನೆಟ್ ಬಳಸಿತು. ಕಾಡಿನಲ್ಲಿ ಕಾಣೆಯಾದ ಮೂವರು ವಿದ್ಯಾರ್ಥಿಗಳ ಬಗ್ಗೆ ವೆಬ್‌ಸೈಟ್, ನಕಲಿ ಪೊಲೀಸ್ ವಿವರ, 'ಕಾಣೆಯಾಗಿದ್ದಾರೆ' ಪೋಸ್ಟರ್. ಪಾತ್ರಗಳಿಗೆ ನಟರ ನಿಜ ಹೆಸರನ್ನೇ ಇಟ್ಟಿದ್ದರು. ಎಷ್ಟೋ ಜನ ನಂಬಿದರು. ನಟಿಯ ತಾಯಿಗೆ ಸಂತಾಪ ಸೂಚಿಸುವ ಕಾರ್ಡ್‌ಗಳೂ ಬಂದವು. ಮಗಳು ಆರಾಮವಾಗಿ ಬದುಕಿದ್ದಳು!

ಕನ್ನಡದಲ್ಲೂ ಇಂಥದ್ದು ನಡೆದಿದೆ. 2013ರಲ್ಲಿ ಬಂದ '6-5=2' ಚಾರಣಕ್ಕೆ ಹೋದ ಸ್ನೇಹಿತರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳು ಎಂಬಂತೆ ತಯಾರಾದ ಸಿನಿಮಾ. ದೊಡ್ಡ ತಾರೆಯರಿರಲಿಲ್ಲ, ಅಲುಗಾಡುವ ಕ್ಯಾಮೆರಾ, ನಮ್ಮದೇ ಕಾಡು, ನಮ್ಮದೇ ಮಾತು. 'ಅದು ನಿಜವಂತೆ' ಎಂಬ ಬಾಯಿಮಾತೇ ಅದಕ್ಕೆ ಜನ ತಂದುಕೊಟ್ಟಿತು. ಅದು ನಟರು ನಟಿಸಿದ ಸಿನಿಮಾ.

ಇದಕ್ಕೂ ಮುಂಚೆ, ಯಾರ ಕೈಯಲ್ಲೂ ಸ್ಮಾರ್ಟ್‌ಫೋನ್ ಇಲ್ಲದ 1990ರ ದಶಕದಲ್ಲಿ, ಬೆಂಗಳೂರಿನ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದು ಹಿರಿಯರಿಗೆ ನೆನಪಿರಬಹುದು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ ಎಂಬ ನಂಬಿಕೆ. 2018ರ ಹಿಂದಿ ಸಿನಿಮಾ 'ಸ್ತ್ರೀ'ಯಲ್ಲಿ ಇದೇ ಎಳೆ ಇದೆ. ಗಮನಿಸಿ: ಸಿನಿಮಾ ಮಂದಿರದಲ್ಲಿ ಈ ಕಥೆ ಮನರಂಜನೆ. ಅದೇ ಕಥೆ ಊರಿನ ಹೆಸರು ಅಂಟಿಸಿಕೊಂಡು ಗ್ರೂಪ್‌ಗೆ ಬಂದರೆ ಮಕ್ಕಳು ನಿದ್ದೆಗೆಡುತ್ತಾರೆ, ರಾತ್ರಿ ಪಾಳಿಯವರು ಒಬ್ಬೊಬ್ಬರೇ ನಡೆಯಲು ಹೆದರುತ್ತಾರೆ, ಗೊತ್ತಿಲ್ಲದ ಹೆಂಗಸೊಬ್ಬಳು ಬೀದಿಯಲ್ಲಿ ಕಂಡರೆ ಜನ ಅನುಮಾನಿಸುತ್ತಾರೆ. ಸಿನಿಮಾದಲ್ಲಿ 'ನಿಜ' ಎನ್ನುವುದು ಆಟದ ನಿಯಮ. ಫಾರ್ವರ್ಡ್‌ನಲ್ಲಿ ಅದು ವಂಚನೆ.

ಆರೋಗ್ಯದ ಮಾತುಗಳು: ಎಷ್ಟು ನಿಜ?

*'ಹಾರರ್ ಸಿನಿಮಾ ನೋಡಿದರೆ ರಕ್ತ ಹೆಪ್ಪುಗಟ್ಟುತ್ತದೆ.'* ಇದಕ್ಕೆ ಮೂಲ 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಅಧ್ಯಯನ. 24 ಆರೋಗ್ಯವಂತ ಯುವಜನರಿಗೆ 'ಇನ್‌ಸಿಡಿಯಸ್' ಎಂಬ ಹಾರರ್ ಸಿನಿಮಾವನ್ನೂ ಒಂದು ಶಾಂತ ಮಾಹಿತಿ ಚಿತ್ರವನ್ನೂ ತೋರಿಸಿ ರಕ್ತ ಪರೀಕ್ಷಿಸಿದರು. ಹೆಪ್ಪುಗಟ್ಟಲು ನೆರವಾಗುವ 'ಫ್ಯಾಕ್ಟರ್ 8' ಎಂಬ ಅಂಶ ಹಾರರ್ ನೋಡಿದಾಗ ಏರಿತ್ತು. ಆದರೆ ರಕ್ತ ನಿಜವಾಗಿ ಹೆಪ್ಪುಗಟ್ಟಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಗಾಯವಾಗಬಹುದು ಎಂದು ದೇಹ ಸಿದ್ಧವಾಯಿತು, ಅಷ್ಟೇ. ಫಾರ್ವರ್ಡ್ ಈ ಕೊನೆಯ ಸಾಲನ್ನು ಬಿಟ್ಟುಬಿಡುತ್ತದೆ.

*'ಹಾರರ್ ಸಿನಿಮಾ ನೋಡಿದರೆ ತೂಕ ಇಳಿಯುತ್ತದೆ.'* 2012ರಲ್ಲಿ ಲಂಡನ್ನಿನಲ್ಲಿ ಹತ್ತು ಜನರ ಮೇಲೆ ನಡೆದ ಪ್ರಯೋಗ ಇದರ ಬೇರು. ಹಣ ಕೊಟ್ಟದ್ದು ಸಿನಿಮಾ ಬಾಡಿಗೆಗೆ ಕೊಡುವ ಕಂಪನಿ. 'ದಿ ಶೈನಿಂಗ್' ನೋಡಿದವರು 184 ಕ್ಯಾಲೊರಿ ಖರ್ಚು ಮಾಡಿದರಂತೆ. ಆ ಸಿನಿಮಾ ಎರಡು ಗಂಟೆಗೂ ಹೆಚ್ಚು ಇದೆ. ಸುಮ್ಮನೆ ಸೋಫಾದಲ್ಲಿ ಕೂತರೂ ದೇಹ ಗಂಟೆಗೆ 60ರಿಂದ 80 ಕ್ಯಾಲೊರಿ ಖರ್ಚು ಮಾಡುತ್ತದೆ. ಲೆಕ್ಕ ನೀವೇ ಹಾಕಿ. ಜೊತೆಗೆ ತಿಂದ ಬೋಂಡಾ ಲೆಕ್ಕಕ್ಕೆ ಬಂದಿಲ್ಲ.

*'ಹಾರರ್ ನೋಡುವವರ ಮನಸ್ಸು ಕೆಟ್ಟಿರುತ್ತದೆ.'* ಇದಕ್ಕೆ ಆಧಾರವಿಲ್ಲ. 2020ರಲ್ಲಿ ಕೋವಿಡ್ ಶುರುವಾದಾಗ 310 ಜನರನ್ನು ಪ್ರಶ್ನಿಸಿದ ಅಧ್ಯಯನವೊಂದರಲ್ಲಿ ಹಾರರ್ ಸಿನಿಮಾ ಪ್ರಿಯರಲ್ಲಿ ಮಾನಸಿಕ ತೊಳಲಾಟ ಸ್ವಲ್ಪ ಕಡಿಮೆ ಕಂಡಿತ್ತು. ಆದರೆ ಅದು ಹಾರರ್ ನೋಡಿದ್ದರಿಂದಲೇ ಎಂದು ಹೇಳಲಾಗದು. ಗಟ್ಟಿ ಮನಸ್ಸಿನವರೇ ಹಾರರ್ ಇಷ್ಟಪಡುತ್ತಿರಬಹುದು. ಹಾಗಾಗಿ 'ಹಾರರ್ ನೋಡಿ, ಆತಂಕ ಓಡಿಸಿ' ಎಂಬ ಫಾರ್ವರ್ಡ್ ಬಂದರೆ ಅದನ್ನೂ ನಂಬಬೇಡಿ.

ಭಯ ಏಕೆ ಖುಷಿ ಕೊಡುತ್ತದೆ ಎಂಬುದಕ್ಕೆ ಡೆನ್ಮಾರ್ಕ್‌ನ ಸಂಶೋಧಕರು ಒಂದು ಸುಳಿವು ಕೊಟ್ಟಿದ್ದಾರೆ. ಜನರನ್ನು ಹೆದರಿಸಲೆಂದೇ ಮಾಡಿದ 'ಭೂತದ ಮನೆ'ಯಲ್ಲಿ 110 ಜನರ ಎದೆಬಡಿತ ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಭಯ ತೀರಾ ಕಡಿಮೆಯಾದರೆ ಬೇಜಾರು, ತೀರಾ ಹೆಚ್ಚಾದರೆ ಸಂಕಟ, ಹದವಾಗಿದ್ದರೆ ಖುಷಿ. ಸಾರಿಗೆ ಖಾರ ಹಾಕಿದಂತೆ. ಆ ಹದ ಒಬ್ಬೊಬ್ಬರಿಗೆ ಒಂದೊಂದು. 'ಅಯ್ಯೋ, ಇಷ್ಟಕ್ಕೇ ಹೆದರಿದೆಯಾ' ಎಂದು ಮನೆಯವರನ್ನು ಛೇಡಿಸುವ ಮುಂಚೆ ಇದು ನೆನಪಿರಲಿ.

ಕೋಟಿ ಗಳಿಕೆಯ ಅರ್ಧ ಕಥೆ

ಈಗ ಬಿಟ್ಟ ಮಾತಿಗೆ ಬರೋಣ. '15 ಸಾವಿರದಲ್ಲಿ ಮಾಡಿ 19 ಕೋಟಿ ಗಳಿಸಿದ' ಎಂಬ ಸಂದೇಶ ಮೂರು ವಿಷಯ ಮುಚ್ಚಿಡುತ್ತದೆ.

ಒಂದು, ಆ 15 ಸಾವಿರ ಚಿತ್ರೀಕರಣದ ಖರ್ಚು ಮಾತ್ರ. ದೊಡ್ಡ ಸ್ಟುಡಿಯೊ ಕೊಂಡ ಮೇಲೆ ಕೊನೆಯನ್ನು ಬದಲಿಸಲಾಯಿತು, ಪ್ರಚಾರಕ್ಕೆ ಬೇರೆಯೇ ಹಣ ಸುರಿಯಲಾಯಿತು. ಬ್ಲೇರ್ ವಿಚ್‌ನ ಹಕ್ಕು ಕೊಳ್ಳಲೇ 11 ಲಕ್ಷ ಡಾಲರ್ ಕೊಟ್ಟಿದ್ದರು.

ಎರಡು, ಗೆದ್ದವರ ಹೆಸರಷ್ಟೇ ನಮಗೆ ಗೊತ್ತು. ಅಷ್ಟೇ ದುಡ್ಡಿನಲ್ಲಿ ತಯಾರಾಗಿ ಯಾರೂ ನೋಡದೆ ಹೋದ ಸಿನಿಮಾಗಳು ಲೆಕ್ಕಕ್ಕೇ ಬರುವುದಿಲ್ಲ. ಲಾಟರಿ ಗೆದ್ದವನ ಫೋಟೊ ಮಾತ್ರ ಪೇಪರಿನಲ್ಲಿ ಬಂದಂತೆ.

ಮೂರು, ಉಳಿಸಿದ ದುಡ್ಡು ಯಾರದ್ದೋ ಜೇಬಿನದ್ದು. ಬ್ಲೇರ್ ವಿಚ್‌ನ ಮೂವರು ನಟರು ಕಾಡಿನಲ್ಲಿ ತಾವೇ ಕ್ಯಾಮೆರಾ ಹೊತ್ತು, ದಿನದಿನಕ್ಕೆ ಕಡಿಮೆಯಾದ ಊಟ ತಿಂದು, ಸಂಭಾಷಣೆಯನ್ನೂ ತಾವೇ ಹುಟ್ಟಿಸಿಕೊಂಡು ನಟಿಸಿದವರು. ಗಳಿಕೆಗೆ ತಕ್ಕ ಪಾಲು ತಮಗೆ ಸಿಗಲಿಲ್ಲ ಎಂದು 2024ರಲ್ಲೂ ಅವರು ಬಹಿರಂಗವಾಗಿ ಕೇಳಬೇಕಾಯಿತು. ರೊಮೆರೊಗೆ ಬೇರೆ ಪೆಟ್ಟು. ಸಿನಿಮಾದ ಹೆಸರು ಬದಲಿಸುವಾಗ ವಿತರಕರು ಕಾಪಿರೈಟ್ ಸಾಲು ಹಾಕುವುದನ್ನು ಬಿಟ್ಟರು. ಆ ಕಾಲದ ಅಮೆರಿಕದ ಕಾನೂನಿನಲ್ಲಿ ಅಷ್ಟು ಸಾಕಿತ್ತು, ಹಕ್ಕು ಕೈಬಿಟ್ಟಿತು. ಬೇರೆಯವರು ಹಣ ಮಾಡಿಕೊಂಡರು. ನಮಗಾದ ಲಾಭವೆಂದರೆ, ಆ ಸಿನಿಮಾ ಇವತ್ತು ಇಂಟರ್ನೆಟ್‌ನಲ್ಲಿ ಪುಕ್ಕಟೆಯಾಗಿ ನೋಡಲು ಸಿಗುತ್ತದೆ.

ಆದ್ದರಿಂದ ಚಿಕ್ಕ ಸಿನಿಮಾ ಇಷ್ಟವಾದರೆ ಪೈರಸಿ ಲಿಂಕ್ ಹಂಚಬೇಡಿ. ದೊಡ್ಡ ಸಿನಿಮಾ ಅದನ್ನು ತಡೆದುಕೊಳ್ಳಬಹುದು, ಚಿಕ್ಕವರಿಗೆ ಅದೇ ಕೊನೆಯ ಸಿನಿಮಾ ಆಗಬಹುದು.

ನೋಡುವುದಾದರೆ ಹೀಗೆ ನೋಡಿ

* ಚಿಕ್ಕ ಫೋನಿನಲ್ಲಾದರೂ ಸರಿ, ದೀಪ ಆರಿಸಿ, ಹೆಡ್‌ಫೋನ್ ಹಾಕಿ. ನೋಟಿಫಿಕೇಶನ್ ಬಂದ್ ಮಾಡಿ. ಇಂಥ ಸಿನಿಮಾಗಳ ಜೀವ ಮೌನದಲ್ಲಿದೆ.
* ಮೊದಲ ಇಪ್ಪತ್ತು ನಿಮಿಷ ತಾಳ್ಮೆ ಇರಲಿ. ನಿಧಾನವೇ ಇಲ್ಲಿ ಬಂಡವಾಳ.
* ಮಕ್ಕಳ ಜೊತೆ ಬೇಡ. ಕಲ್ಪನೆ ಯಾವುದು, ನಿಜ ಯಾವುದು ಎಂದು ಬೇರ್ಪಡಿಸುವುದು ಅವರಿಗೆ ಕಷ್ಟ. ಹೃದಯದ ತೊಂದರೆ ಅಥವಾ ತೀವ್ರ ಆತಂಕ ಇರುವವರು ವೈದ್ಯರನ್ನು ಕೇಳಿ.

ಫಾರ್ವರ್ಡ್ ಮಾಡುವ ಮುನ್ನ

* ಜಾಗದ ಹೆಸರು, ದಿನಾಂಕ, ಮೊದಲು ಹಾಕಿದವರು ಯಾರು ಎಂಬುದು ಇದೆಯೇ? ಒಂದೇ ವಿಡಿಯೊ ಬೇರೆ ಬೇರೆ ಊರಿನ ಹೆಸರಿನಲ್ಲಿ ಓಡುತ್ತಿದೆಯೇ?
* ಕ್ಯಾಮೆರಾ ಹಿಡಿದವರು ಸರಿಯಾದ ಕ್ಷಣಕ್ಕೆ ಸರಿಯಾದ ಕಡೆಗೇ ತಿರುಗಿದರೇ? ಮುಖ್ಯವಾದದ್ದು ಕಾಣುವ ಹೊತ್ತಿಗೆ ಚಿತ್ರ ಅಲುಗಾಡಿ ಮಸುಕಾಯಿತೇ? ಅದು ದೆವ್ವದ ಶಕ್ತಿಯಲ್ಲ, ನಿರ್ದೇಶಕನ ಜಾಣತನ.
* ಒಂದು ಫ್ರೇಮ್‌ನ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅದು ಯಾವುದೋ ಸಿನಿಮಾದ ತುಣುಕೇ ಆಗಿರಬಹುದು.

ಸಿನಿಮಾದ ತುಣುಕು ಎಂದು ಗೊತ್ತಾದರೆ ಇನ್ನೂ ಒಳ್ಳೆಯದು. 'ಇದು ನಿಜ' ಎಂಬ ಸಾಲನ್ನು ಅಳಿಸಿ, ಸಿನಿಮಾದ ಹೆಸರು ಬರೆದು ಕಳಿಸಿ. ಹೆದರುವವರು ಕಡಿಮೆಯಾಗುತ್ತಾರೆ, ನೋಡುವವರು ಹೆಚ್ಚಾಗುತ್ತಾರೆ. ಅಷ್ಟು ಕಷ್ಟಪಟ್ಟು ಹೆದರಿಸಿದವರಿಗೆ ಅದರ ಶ್ರೇಯಸ್ಸಾದರೂ ಸೇರಲಿ.